ಅಮ್ಮನ ಕಾಯಿಲೆ ನೋಡಲು ಬಂದವರು

ಕಳೆದ ತಿಂಗಳ ಒಂದು ಭಾನುವಾರ ಹಾಸನದ ಬಸ್ ನಿಲ್ದಾಣದ ಹತ್ತಿರದ ಹಣ್ಣಿನಂಗಡಿಯಲ್ಲಿ ನಿಂತಿದ್ದೆ. ಅಂಗಡಿಯವನು ಆಗಷ್ಟೇ ಒಂದು ಸೇಬಿನ ಪೆಟ್ಟಿಗೆ ಬಿಚ್ಚಿದ್ದ. ರಟ್ಟು, ಕಾಗದದ ಚೂರು, ಹಣ್ಣು ಎಲ್ಲ ಬೆರೆತ ಆ ತಣ್ಣನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಿವಿ ಬಿಸಿಯಾಯಿತು. "ಯಾರ್ನಾದ್ರೂ ನೋಡಕ್ ಓಯ್ತಿದ್ದೀರಾ ಮೇಡಂ? ಸೇಬೇ ತಗಳಿ, ಒಳ್ಳೆ ಮಾಲು" ಎಂದ. ಬೇಡಪ್ಪಾ ಎಂದು ಒಂದು ಚಿಪ್ಪು ಬಾಳೆಹಣ್ಣು ಕಟ್ಟಿಸಿಕೊಂಡೆ. ಹೊರಟಿದ್ದದ್ದು ಚನ್ನರಾಯಪಟ್ಟಣಕ್ಕೆ, ನಮ್ಮ ಕೆಮಿಸ್ಟ್ರಿ ಮೇಡಂ ಮನೆಗೆ. ಅವರು ತೀರಿಕೊಂಡು ಆಗಲೇ ಮೂರು ತಿಂಗಳಾಗಿತ್ತು… ನನಗೆ ಗೊತ್ತಾದದ್ದು ಹಿಂದಿನ ವಾರ.

ಹಾಸನದಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಹಾಸನದ ಕಾಲೇಜೊಂದರಲ್ಲಿ ಪಾಠ ಮಾಡಲು ಸೇರಿ ಎರಡು ವರ್ಷವಾದರೂ ಒಂದು ಸಲವೂ ಅವರನ್ನು ನೋಡಲು ಹೋಗಿರಲಿಲ್ಲ. ಪುರುಸೊತ್ತಾಗಲಿಲ್ಲ ಎಂದು ಹೇಳಿಬಿಡಬಹುದು. ಆದರೆ ಸುಳ್ಳು ಹೇಳಿ ಹೇಳಿ ನನಗೇ ಸಾಕಾಗಿದೆ. ಮುಖ ತೋರಿಸಲು ನಾಚಿಕೆ, ಅಷ್ಟೆ.

ಹೊಳೆನರಸೀಪುರದಲ್ಲಿ ಬಿ.ಎಸ್ಸಿ. ಓದುವಾಗ ನಮಗೆ ಕೆಮಿಸ್ಟ್ರಿ ಕಲಿಸಿದವರು ಅವರು. ನಮ್ಮೂರು ಅರಕಲಗೂಡು ತಾಲ್ಲೂಕಿನಲ್ಲಿ, ರಾಮನಾಥಪುರದ ಹತ್ತಿರ. ಓದಿಗಾಗಿ ಹೊಳೆನರಸೀಪುರದ ಸೋದರತ್ತೆಯ ಮನೆಯಲ್ಲಿದ್ದೆ. ಮೇಡಂ ದಿನಾ ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಜೈನರ ಮನೆಯವರು, ಮದುವೆಯಾಗಿರಲಿಲ್ಲ. ಚೀಲದಲ್ಲಿ ಯಾವಾಗಲೂ ಕಾಯಿಸಿ ಆರಿಸಿದ ನೀರಿನ ಸ್ಟೀಲ್ ಬಾಟಲಿ. ಲ್ಯಾಬಿನಲ್ಲಿ ಅವರದು ಒಂದೇ ಹಠ. ಬ್ಯುರೆಟ್ಟಿನ ಗಾಜಿನ ಅಳತೆ ಕೊಳವೆಯಲ್ಲಿ ಕಣ್ಣಿಗೆ ಕಂಡ ರೀಡಿಂಗನ್ನೇ ಬರೆಯಬೇಕು. ನಾವೋ, ಸೀನಿಯರ್‌ಗಳ ರೆಕಾರ್ಡ್ ನೋಡಿ ಉತ್ತರ ಮೊದಲೇ ತಿಳಿದುಕೊಂಡು ಅದಕ್ಕೆ ತಕ್ಕ ರೀಡಿಂಗ್ ಹೊಂದಿಸುವುದರಲ್ಲಿ ನಿಸ್ಸೀಮರು. "ತಪ್ಪು ಬಂದ್ರೆ ತಪ್ಪೇ ಬರೀರಿ. ಯಾಕೆ ಬಂತು ಅಂತ ಆಮೇಲೆ ಕೂತು ಹುಡುಕೋಣ" ಎನ್ನುತ್ತಿದ್ದರು. ತಪ್ಪು ರೀಡಿಂಗನ್ನು ಇದ್ದಹಾಗೇ ಬರೆದವರಿಗೆ ಪೂರ್ತಿ ಅಂಕ ಕೊಟ್ಟ ಬೇರೆ ಮೇಷ್ಟರನ್ನು ನಾನು ಕಂಡಿಲ್ಲ.

ಒಂದು ದಿನ ಕರೆಂಟ್ ಹೋಗಿ ಪ್ರಾಕ್ಟಿಕಲ್ ನಿಂತಾಗ ತಮ್ಮ ವಿಷಯ ಹೇಳಿದ್ದರು. ಅವರಿಗೂ ಮೈಸೂರಿನಲ್ಲಿ ಪಿಎಚ್.ಡಿ. ಸೀಟು ಸಿಕ್ಕಿತ್ತಂತೆ. ಸೇರಿದ ವರ್ಷವೇ ತಾಯಿ ಹಾಸಿಗೆ ಹಿಡಿದರು, ಇವರು ಬಿಟ್ಟು ಬಂದರು. "ಅಮ್ಮನಾ ಪಿಎಚ್.ಡಿ.ನಾ ಅಂದ್ರೆ ಯೋಚ್ನೆ ಮಾಡೋದೇನಿದೆ?" ಎಂದು ನಕ್ಕಿದ್ದರು. ನಾನು ಮುಂದಿನ ಬೆಂಚಿನಲ್ಲಿದ್ದೆ. ಆ ಮಾತು ಮನಸ್ಸಿನಲ್ಲಿ ಉಳಿಯಿತು. ಯಾವುದಕ್ಕಾಗಿ ಉಳಿಯಿತೋ, ಹೇಳಲು ಹೇಸಿಗೆಯಾಗುತ್ತದೆ.

ಎಂ.ಎಸ್ಸಿ.ಗೆ ಹಾಸನಕ್ಕೆ ಬಂದೆ. ಮೊದಲ ತಿಂಗಳೇ ಕ್ವಾಂಟಮ್ ಕೆಮಿಸ್ಟ್ರಿ ತಲೆಯ ಮೇಲೆ ಹಾದು ಹೋಯಿತು. ಪಕ್ಕದವರೆಲ್ಲ ಟಕಟಕ ಬರೆದುಕೊಳ್ಳುತ್ತಿದ್ದರು. ಕೇಳಿದರೆ ದಡ್ಡಿ ಎಂದುಕೊಂಡಾರು ಎಂದು ಕೇಳಲಿಲ್ಲ. ಕೇಳದ್ದರಿಂದ ಇನ್ನೂ ಅರ್ಥವಾಗಲಿಲ್ಲ. ಆಮೇಲೆ ಕ್ಲಾಸಿಗೇ ಹೋಗದೆ ಹಾಸ್ಟೆಲ್ಲಿನಲ್ಲಿ ಮುಸುಕೆಳೆದು ಮಲಗುವುದು ರೂಢಿಯಾಯಿತು. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಿ ಕೈ ಚುರುಕಾಗಿ ಓಡಿತು, ಸಂಶೋಧನೆಯನ್ನೇ ಮಾಡಬೇಕೆಂಬ ಆಸೆಯೂ ಹುಟ್ಟಿತು. ಆದರೆ ಅಷ್ಟರಲ್ಲಿ ಸಿಜಿಪಿಎ ಹತ್ತಕ್ಕೆ ಐದೂವರೆಯ ಆಸುಪಾಸಿನಲ್ಲಿ ಕೂತುಬಿಟ್ಟಿತ್ತು. ಅರ್ಜಿ ಹಾಕಲು ಸಾಲುವಷ್ಟು, ಯಾರೂ ಕರೆಯದಷ್ಟು.

ಎಂಟು ಕಡೆ ಅರ್ಜಿ ಹಾಕಿದೆ. ಏಳು ಕಡೆಯಿಂದ ಉತ್ತರವಿಲ್ಲ. ಹೈದರಾಬಾದಿನ ಒಂದು ಸಂಸ್ಥೆಯ ಪ್ರವೇಶ ಪರೀಕ್ಷೆ ಹೇಗೋ ಪಾಸಾಯಿತು. ಆದರೆ ಸಂದರ್ಶನಕ್ಕೆ ಕರೆಯಬೇಕಾದರೆ ನನ್ನನ್ನು ಬಲ್ಲ ಮೇಷ್ಟರೊಬ್ಬರ ಶಿಫಾರಸು ಪತ್ರ ಬೇಕಿತ್ತು. ಎಂ.ಎಸ್ಸಿ.ಯ ಮೇಷ್ಟರುಗಳ ಬಳಿ ಹೋಗಲು ಮುಖವಿರಲಿಲ್ಲ. ಆ ಹೊತ್ತಿಗೆ ನಿವೃತ್ತರಾಗಿದ್ದ ಮೇಡಂ ಮನೆಗೆ ಹೋದೆ.

ಮಾರ್ಕ್ಸ್ ಕಾರ್ಡನ್ನು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು. "ಏನೇ ಇದು? ನಿಂದೇನಾ?" ಎಂದರು. ಬೈದಿದ್ದರೆ ನಿಜ ಹೇಳುತ್ತಿದ್ದೆನೋ ಏನೋ… ಅವರ ದನಿಯಲ್ಲಿ ಬರೀ ಗಾಬರಿಯಿತ್ತು. ನನ್ನ ಬಾಯಿಂದ ಬಂದುಬಿಟ್ಟಿತು: "ಅಮ್ಮಂಗೆ ಕಿಡ್ನಿ ಫೇಲಾಗಿದೆ ಮೇಡಂ. ವಾರಕ್ಕೆ ಎರಡು ದಿನ ಡಯಾಲಿಸಿಸ್. ನಾನೇ ಕರ್ಕೊಂಡು ಹೋಗ್ಬೇಕಿತ್ತು." ಹಾಸ್ಟೆಲ್ಲಿಗೆ ಹೋಗುವ ದಾರಿಯಲ್ಲಿ ಡಯಾಲಿಸಿಸ್ ಎಂಬ ಬೋರ್ಡನ್ನು ದಿನಾ ಓದುತ್ತಿದ್ದೆ, ಅದೇ ನಾಲಿಗೆಗೆ ಬಂತು. ಮೇಡಂ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತರು. ಅವರ ಕಣ್ಣಲ್ಲಿ ನೀರಿತ್ತು. ಥೂ, ನನ್ನ ಜನ್ಮಕ್ಕಿಷ್ಟು!

ಅಂದೇ ಜೆರಾಕ್ಸ್ ಅಂಗಡಿಗೆ ಕರೆದೊಯ್ದು ಪತ್ರ ಟೈಪು ಮಾಡಿಸಿ ಕಳಿಸಿದರು. ಪಕ್ಕದಲ್ಲೇ ಕೂತಿದ್ದರಿಂದ ನಾನೂ ಓದಿದೆ. ಈ ಹುಡುಗಿಯ ಅಂಕಗಳನ್ನು ನೋಡುವಾಗ ಅವಳು ವಾರಕ್ಕೆ ಎರಡು ದಿನ ಎಲ್ಲಿದ್ದಳು ಎಂಬುದನ್ನೂ ನೋಡಬೇಕು ಎಂದು ಬರೆಸಿದ್ದರು. ಬಸ್ಸು ಹತ್ತಿಸುವಾಗ "ಒಂದಿನ ಬಂದು ಅಮ್ಮನ್ನ ನೋಡ್ತೀನಿ" ಎಂದರು. ಎಲ್ಲರೂ ಹೇಳುವ ಮಾತು ಎಂದುಕೊಂಡೆ.

ಸಂದರ್ಶನದಲ್ಲಿ ಆ ಪತ್ರ ಕೈಯಿಂದ ಕೈಗೆ ಹೋಯಿತು. ನನ್ನ ಅಂಕಗಳ ಬಗ್ಗೆ ಯಾರೂ ಕೇಳಲಿಲ್ಲ. ಕೊನೆಯಲ್ಲಿ ಹಿರಿಯರೊಬ್ಬರು, ಮುಂದೆ ನನ್ನ ಗೈಡ್ ಆದವರು, ತಾಯಿ ಈಗ ಹೇಗಿದ್ದಾರೆ ಎಂದರು. ಸ್ವಲ್ಪ ವಾಸಿ ಸರ್ ಎಂದೆ. ಹದಿನೈದು ದಿನಕ್ಕೆ ಆಯ್ಕೆಯಾದವರ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಮೇಡಂಗೆ ಫೋನ್ ಮಾಡಿ ಹೇಳಿದೆ. ದಾಖಲೆ ತೋರಿಸಿ ಸೇರಿಕೊಳ್ಳುವುದೊಂದು ಬಾಕಿಯಿತ್ತು.

ಆ ಸೋಮವಾರ ನಾನು ಹೈದರಾಬಾದಿಗೆ ಹೊರಡಬೇಕು. ಶುಕ್ರವಾರ ಮಧ್ಯಾಹ್ನ ಮೇಡಂ ನಮ್ಮೂರಿಗೆ ಬಂದರು.

ಹೊಗೆಸೊಪ್ಪಿನ ಕಾಲ. ಜಗಲಿಯ ಮೇಲೆ ಕೂತು ಹಸಿ ಎಲೆಗಳನ್ನು ಒಣಗಿಸಲು ಕಡ್ಡಿಗೆ ಕಟ್ಟುತ್ತಿದ್ದೆ. ತಲೆಯೆತ್ತಿದರೆ ಅಂಗಳದಲ್ಲಿ ಮೇಡಂ! ಅರ್ಜಿಯಲ್ಲಿದ್ದ ವಿಳಾಸ ಬರೆದಿಟ್ಟುಕೊಂಡು, ಹೊಳೆನರಸೀಪುರ, ಅರಕಲಗೂಡು ಎಂದು ಮೂರು ಬಸ್ಸು ಬದಲಿಸಿ ಬಂದಿದ್ದರು. ಕೈಯಲ್ಲೊಂದು ಚೀಲ. ಹತ್ತಿರ ಬಂದು ಪಿಸುದನಿಯಲ್ಲಿ ಕೇಳಿದರು. "ಅಮ್ಮ ಮಲಗಿದ್ದಾರಾ? ಎಬ್ಬಿಸ್ಬೇಡ, ಕಾಯ್ತೀನಿ. ಡಾಕ್ಟರ್‌ನ ಕೇಳ್ಕೊಂಡೇ ಬಂದೆ. ಡಯಾಲಿಸಿಸ್ ಮಾಡಿಸ್ಕೊಳ್ಳೋರಿಗೆ ಎಳನೀರು, ಬಾಳೆಹಣ್ಣು ಆಗಲ್ವಂತೆ. ಅದಕ್ಕೇ ಸೇಬು ತಂದೆ."

ನಾನು ಬಾಯಿ ತೆರೆಯುವ ಮೊದಲೇ ಅವರ ಹಿಂದಿನಿಂದ ಧೊಪ್ಪೆಂದು ಸದ್ದಾಯಿತು. ಅಮ್ಮ ತಲೆಯ ಮೇಲಿನ ಸೊಪ್ಪಿನ ಹೊರೆ ಕೆಳಗೆ ಹಾಕಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು.

"ಯಾರಮ್ಮಿ? ನಿಮ್ ಮೇಡಮ್ಮಾ? ಅಯ್ಯೋ ಬನ್ನಿ, ಒಳಿಕ್ ಬನ್ನಿ. ಬಿಸ್ಲಲ್ ನಿಂತವ್ರಲ್ಲಾ, ಒಂದ್ ಚಾಪೆ ಆಕ್ಬಾರ್ದೇನಮ್ಮಿ ನೀನು!"

"ನಿಮ್ಮ ಆರೋಗ್ಯ…" ಎಂದರು ಮೇಡಂ.

"ನಂಗೇನ್ ಬಂದೈತೆ ಮೇಡಂ? ಗುಂಡುಕಲ್ಲಂಗಿವ್ನಿ. ಒಂದ್ ಜರ ಬಂದು ಮಲಗ್ದೋಳಲ್ಲ!"

ಮೇಡಂ ನನ್ನ ಕಡೆ ತಿರುಗಿದರು. ನಾನು ತಲೆ ಬಗ್ಗಿಸಿ ಸೊಪ್ಪು ಕಟ್ಟುತ್ತಲೇ ಇದ್ದೆ. ದಾರ ಬೆರಳಿಗೆ ಸುತ್ತಿಕೊಂಡಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವರು ಒಂದು ಮಾತು ಆಡಿದ್ದರೆ ಅಮ್ಮನ ಎದುರಿಗೆ ಮಾನವೂ ಹೋಗುತ್ತಿತ್ತು, ಒಂದು ಫೋನ್ ಮಾಡಿದ್ದರೆ ಸೀಟೂ ಹೋಗುತ್ತಿತ್ತು.

"ಏನಿಲ್ಲಮ್ಮ, ಮಗಳಿಗೆ ಸೀಟು ಸಿಕ್ತಲ್ಲ. ನಿಮ್ಮನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದು ಸೇಬಿನ ಚೀಲವನ್ನು ಅಮ್ಮನ ಕೈಗಿಟ್ಟರು. ಒಂದು ರೀಡಿಂಗ್ ತಿದ್ದಲು ಬಿಡದ ಹೆಂಗಸು ನನಗಾಗಿ ಆ ಸುಳ್ಳು ಹೇಳಿದರು.

ಅಮ್ಮ ಊಟಕ್ಕೆ ಕೂರಿಸಿದಳು. ಸಾರಿನಲ್ಲಿ ಈರುಳ್ಳಿ, ಪಲ್ಯ ಆಲೂಗೆಡ್ಡೆಯದು, ಮೇಡಂ ಎರಡನ್ನೂ ತಿನ್ನುವವರಲ್ಲ. ಅನ್ನಕ್ಕೆ ಮೊಸರು ಹಾಕಿಸಿಕೊಂಡು ಎರಡು ತುತ್ತು ತಿಂದರು. ಅಮ್ಮನದು ಮಾತೇ ಮಾತು. "ನಮ್ಮಮ್ಮಿ ಬೋ ಕಷ್ಟ ಬಿದ್ದು ಓದವ್ಳೆ ಮೇಡಂ. ಅಬ್ಬಕ್ಕೂ ಊರ್ಗೆ ಬತ್ತಿರ್ನಿಲ್ಲ. ಓದದೈತೆ ಕಣವ್ವ ಅನ್ನೋಳು." ಮೇಡಂ ಹೌದಾ, ಹೌದಾ ಎನ್ನುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

ಕತ್ತಲಾದ ಮೇಲೆ ಅವರು ಊಟ ಮಾಡುತ್ತಿರಲಿಲ್ಲ, ಹಾಗಾಗಿ ಬೇಗ ಹೊರಟರು. ಬಸ್ಸಿಗೆ ಕಾಯುವಾಗ ನಾವಿಬ್ಬರೇ.

"ನನ್ನ ಕಥೆನೇ ಎತ್ಕೊಂಡ್ಯಲ್ಲೇ" ಎಂದರು.

ನನಗೆ ಅಳು ಬಂತು.

"ಪಾಠ ಅರ್ಥ ಆಗ್ಲಿಲ್ಲ, ಹೆದರ್ಕೊಂಡು ರೂಮಲ್ಲಿ ಕೂತಿದ್ದೆ ಅಂದಿದ್ರೆ ಲೆಟರ್ ಕೊಡ್ತಿರ್ಲಿಲ್ವಾ ನಾನು? ಅದನ್ನೇ ಬರೀತಿದ್ದೆ." ಬಸ್ಸು ಬರುವ ದಾರಿ ನೋಡುತ್ತ ಮತ್ತೆ ಹೇಳಿದರು. "ನಾನು ಹೈದರಾಬಾದಿನವರಿಗೆ ಫೋನ್ ಮಾಡಲ್ಲ. ನೀನೇ ಹೇಳ್ಬೇಕು. ಲ್ಯಾಬಲ್ಲಿ ನಿನ್ನ ಕೈಕೆಲಸ ನಂಗೊತ್ತು, ಅವರು ವಾಪಸ್ ಕಳಿಸಲ್ಲ. ಹೇಳ್ತೀಯಾ?"

"ಹೇಳ್ತೀನಿ ಮೇಡಂ" ಎಂದೆ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು.

ಸೇರಿದ ಮೊದಲ ದಿನ ಗೈಡ್ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಏನಮ್ಮ ಎಂದರು. ಲ್ಯಾಬ್ ಕೋಟು ಎಲ್ಲಿ ಸಿಗುತ್ತದೆ ಸರ್ ಎಂದು ಕೇಳಿ ವಾಪಸ್ ಬಂದೆ. ನಾಳೆ ನಾಡಿದ್ದು ಎಂದು ದಿನ ತಳ್ಳಿದೆ. ದೀಪಾವಳಿಗೆ ಎಲ್ಲರಿಗೂ ಎರಡು ದಿನ ರಜೆ ಕೊಟ್ಟ ಅವರು ನನ್ನನ್ನು ಕರೆದು, ನೀನು ಒಂದು ವಾರ ಇದ್ದು ತಾಯಿಯನ್ನು ನೋಡಿಕೊಂಡು ಬಾ ಎಂದರು. ಬೇಡ ಎನ್ನಲಿಲ್ಲ, ಒಂದು ವಾರ ಇದ್ದು ಬಂದೆ. ಊರಿನಲ್ಲಿದ್ದಾಗಲೇ ಮೇಡಂ ಫೋನ್ ಮಾಡಿದರು.

"ಹೇಳಿದ್ಯಾ?"

"ಹೇಳ್ದೆ ಮೇಡಂ. ಪರವಾಗಿಲ್ಲ, ಕೆಲಸ ಮಾಡು ಅಂದ್ರು."

"ನಂಗೊತ್ತಿತ್ತು ಕಣೇ! ನಂಗೊತ್ತಿತ್ತು!" ಎಂದರು. ಅಷ್ಟು ಸಂತೋಷದ ದನಿಯನ್ನು ಅವರ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಆಮೇಲೆ ಅವರ ಫೋನ್ ಬಂದರೆ ನಾನು ಎತ್ತುತ್ತಿರಲಿಲ್ಲ. ಕ್ರಮೇಣ ಅವರೂ ಮಾಡುವುದನ್ನು ಬಿಟ್ಟರು…

ಕೆಲಸ ಮಾತ್ರ ಪ್ರಾಮಾಣಿಕವಾಗಿ ಮಾಡಿದೆ. ಡಿಗ್ರಿ ಬಂತು, ಹೆಸರಿನ ಮುಂದೆ ಡಾಕ್ಟರ್ ಸೇರಿತು. ಅಮ್ಮ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾಳೆ. ಆದರೂ ಅವಳಿಗೊಂದು ಕೆಮ್ಮು ಬಂದರೆ, ಇದು ನನ್ನ ಬಾಯಿಂದಲೇ ಬಂದದ್ದೇನೋ ಎಂದು ಜೀವ ಝಲ್ಲೆನ್ನುತ್ತದೆ.

ಆ ಭಾನುವಾರ ಚನ್ನರಾಯಪಟ್ಟಣದ ಮನೆಯಲ್ಲಿ ಬಾಗಿಲು ತೆರೆದವಳು ಮೇಡಂ ತಮ್ಮನ ಮಗಳು. ಎಂ.ಎಸ್ಸಿ. ಮುಗಿಸಿದ ಹುಡುಗಿ. ಯಾರೆಂದು ಹೇಳಿದ್ದೇ ತಡ, ಅವಳ ಮುಖ ಅರಳಿತು. "ನೀವೇನಾ ಅಕ್ಕಾ? ಅತ್ತೆ ನಿಮ್ಮ ವಿಷಯ ಎಷ್ಟು ಸಲ ಹೇಳಿದಾರೆ ಗೊತ್ತಾ? ಸೀಟು ಹೋದ್ರೂ ಹೋಗ್ಲಿ ಅಂತ ನಿಜ ಹೇಳಿದ ಹುಡುಗಿ ಅಂತ. ಮಾರ್ಕ್ಸ್ ಕಮ್ಮಿ ಬಂದೋರು ಯಾರು ಬಂದ್ರೂ ಇದೇ ಕಥೆ." ಹೂಂ ಎಂದು ಕೂತೆ.

ಅವಳದೂ ನನ್ನಂತೆಯೇ ಸಿಜಿಪಿಎ. ಲ್ಯಾಪ್‌ಟಾಪಿನಲ್ಲಿ ಪಿಎಚ್.ಡಿ. ಅರ್ಜಿ ತೆರೆದು ತೋರಿಸಿದಳು. ಅಂಕ ಕಡಿಮೆಯಾಗಲು ಕಾರಣವೇನು ಎಂಬಲ್ಲಿ, ಎರಡು ಸೆಮಿಸ್ಟರ್ ಪಾಠ ಅರ್ಥವಾಗಲಿಲ್ಲ, ಕೇಳಲು ಹೆದರಿದೆ, ಕ್ಲಾಸು ತಪ್ಪಿಸಿದೆ ಎಂದು ಬರೆದಿದ್ದಳು. ಮನೆಯಲ್ಲಿ ಎಲ್ಲರೂ ಹಾಗೆ ಬರೆಯಬೇಡ ಎನ್ನುತ್ತಿದ್ದಾರಂತೆ. ಅಂದೇ ಕೊನೆಯ ದಿನವಂತೆ.

"ಹಿಂಗೇ ಕಳಿಸ್ಲಾ ಅಕ್ಕಾ? ನೀವು ಹೇಳ್ದಾಗ ಅವರು ಏನಂದ್ರು?"

ಈಗಲಾದರೂ ಹೇಳು ಎಂದು ಮನಸ್ಸು ಬಡಿದುಕೊಂಡಿತು. ಹೇಳಿದ್ದರೆ ಅವಳ ಅತ್ತೆಯ ಮಾತೇ ಅವಳ ಪಾಲಿಗೆ ಸುಳ್ಳಾಗುತ್ತಿತ್ತು ಎಂದು ಈಗ ಸಮಜಾಯಿಷಿ ಕೊಡಬಹುದು. ನಿಜವೆಂದರೆ ನನಗೆ ಧೈರ್ಯ ಬರಲಿಲ್ಲ.

"ಪರವಾಗಿಲ್ಲ, ಕೆಲಸ ಮಾಡು ಅಂದ್ರು" ಎಂದೆ.

ಅವಳು ನನ್ನೆದುರಿಗೇ ಅರ್ಜಿ ಕಳಿಸಿದಳು. ಫಲಿತಾಂಶ ಇನ್ನೂ ಬಂದಿಲ್ಲ. ಮೇಡಂ ಇದ್ದಾಗ ಅವರ ಕಾಲಿಗೆ ಬಿದ್ದು ಹೇಳಬೇಕಿದ್ದ ಮಾತನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ. ಕೇಳಿ ಬೈಯಲು ಅವರಿಲ್ಲ, ಆ ಬೈಗುಳ ಇನ್ನು ನನಗೆ ಸಿಗುವುದೂ ಇಲ್ಲ. ಆ ಹುಡುಗಿ ಇದನ್ನು ಓದಿದರೆ ಅವಳಿಗಿಷ್ಟು ಗೊತ್ತಾಗಲಿ. ನಿಜ ಬರೆದರೆ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ ಮಗಳೇ. ನಾನು ಬರೆದು ನೋಡಿದವಳಲ್ಲ.