ಡೈರಿ ಗೋಡೆಯಲ್ಲಿ ಕೂತ ಅವ್ವ

ನಾನು ಗೋಡೆಗೆ ಚಿತ್ರ ಬರೆಯುವವಳು. ಮಧುಗಿರಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಅಂಗನವಾಡಿ, ಶಾಲೆ, ಆಸ್ಪತ್ರೆ ಕಾಂಪೌಂಡು ಅಂತ ಸುತ್ತಲಿನ ನಾಲ್ಕು ತಾಲ್ಲೂಕು ತಿರುಗುತ್ತೇನೆ. ಸ್ಕೂಟರಿನ ಹಿಂದೆ ಬಣ್ಣದ ಡಬ್ಬಗಳು, ಮುಂದೆ ಕಾಲಿಡುವ ಜಾಗದಲ್ಲಿ ಬ್ರಷ್ಷಿನ ಚೀಲ. ಕಲಾವಿದೆ ಅಂತ ಯಾರಾದರೂ ಕರೆದರೆ ಖುಷಿಯಾಗುತ್ತದೆ. ಆದರೆ ಹಾಗೆ ಕರೆಯುವವರು ಸಾಮಾನ್ಯವಾಗಿ ಭಾಷಣ ಮಾಡಲು ಬಂದವರು. ಮಿಕ್ಕವರಿಗೆಲ್ಲ ನಾನು ಪೇಂಟಿಂಗ್ ಮೇಡಂ.

ಗೋಡೆಯ ಮೇಲೆ ಹೆಂಗಸು ಏನೇನು ಮಾಡಬಹುದು ಎನ್ನುವುದು ನನಗೆ ಬಾಯಿಪಾಠವಾಗಿದೆ. ಕೊಡ ಹೊರಬಹುದು, ಮಗುವಿಗೆ ಪೋಲಿಯೋ ಹನಿ ಹಾಕಿಸಬಹುದು, ಸೊಪ್ಪಿನ ಕಟ್ಟು ಹಿಡಿದು ನಗಬಹುದು, ಸ್ಲೇಟು ಹಿಡಿದ ಮಗಳ ಪಕ್ಕ ನಿಲ್ಲಬಹುದು. ಗೋಡೆಯ ಗಂಡಸಿಗೆ ಅಷ್ಟು ಕೆಲಸವಿಲ್ಲ. ಅವನು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮರದ ಕೆಳಗೆ ಕೂತಿರುತ್ತಾನೆ. ಯಾಕೆ ಕೂತಿದ್ದಾನೆ ಅಂತ ಶಿರಾದಲ್ಲೂ ಯಾರೂ ಕೇಳಿಲ್ಲ, ಪಾವಗಡದಲ್ಲೂ ಕೇಳಿಲ್ಲ. ನಾನೂ ಎಷ್ಟೋ ವರ್ಷ ಕೇಳದೆ ಬರೆದುಕೊಂಡು ಬಂದೆ.

ನನ್ನ ಊರು ಕೊರಟಗೆರೆ ತಾಲ್ಲೂಕಿನದು, ಸಿದ್ದರಬೆಟ್ಟಕ್ಕೆ ಹೋಗುವವರು ಟೀ ಕುಡಿಯಲು ನಿಲ್ಲಿಸುವ ಊರುಗಳಲ್ಲಿ ಒಂದು. ಅಲ್ಲಿ ಅವ್ವ ಒಬ್ಬಳೇ ಎರಡು ಹಸು ಕಟ್ಟಿಕೊಂಡು ಇದ್ದಾಳೆ. ಎರಡು ವರ್ಷದ ಹಿಂದೆ ಊರಿನ ಮಹಿಳಾ ಡೈರಿಗೆ ಹೊಸ ಕಟ್ಟಡವಾಯಿತು. ಡೈರಿಯ ಸೆಕ್ರೆಟರಿ ಶಾಲೆಯಲ್ಲಿ ನನಗಿಂತ ಎರಡು ಕ್ಲಾಸು ಮುಂದಿದ್ದ ಅಕ್ಕ. ಫೋನು ಮಾಡಿ, "ಒಂದು ಹಸ, ಒಂದು ಕರ, ಒಬ್ಳು ಹೆಂಗ್ಸು. ನೀನೇ ನೋಡ್ಕೊಂಡು ಬರ್ದ್ಬುಡು" ಅಂದಳು. ನೋಡಿಕೊಂಡು ಬರಿ ಅಂದರೆ ನನಗೆ ಬಲು ಖುಷಿ. ಅಂಥ ಮಾತು ನನ್ನ ಕಸುಬಿನಲ್ಲಿ ಕೇಳಲು ಸಿಗುವುದೇ ಕಮ್ಮಿ.

ನನ್ನ ಫೋನಿನಲ್ಲಿ ಅವ್ವನ ಒಂದು ಫೋಟೋ ಇತ್ತು. ಒಂದು ಮಧ್ಯಾಹ್ನ ಅವಳಿಗೆ ಗೊತ್ತಾಗದ ಹಾಗೆ ತೆಗೆದದ್ದು. ಹಿತ್ತಿಲ ಕಟ್ಟೆಯ ಮೇಲೆ ಗೋಡೆಗೆ ಒರಗಿ, ಎರಡೂ ಕಾಲು ನೀಡಿ ಕೂತಿದ್ದಳು. ಮಂಡಿ ಸವೆದಿರುವುದರಿಂದ ಕಾಲು ಮಡಿಸಲು ಅವಳಿಗೆ ಆಗುವುದಿಲ್ಲ. ಸೆರಗು ಹೆಗಲಿಂದ ಜಾರಿತ್ತು, ಕೈ ಎರಡೂ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಹುಟ್ಟಿದಾಗಿನಿಂದ ನೋಡಿದ ಅವ್ವನನ್ನು ಅಲ್ಲಿಯವರೆಗೆ ನಾನು ಹಾಗೆ ನೋಡಿದ್ದು ಅದೊಂದೇ ಸಲ.

ಅದನ್ನೇ ಬರೆದೆ, ಆಳೆತ್ತರಕ್ಕೆ. ಡೈರಿ ಗೋಡೆಯ ಬುಡದಲ್ಲಿ ಹಾಲಿನ ಕ್ಯಾನು ಇಡಲು ಸಿಮೆಂಟಿನ ಜಗಲಿ ಇದೆ. ಅವ್ವ ಆ ಜಗಲಿಯ ಮೇಲೇ ಕೂತ ಹಾಗೆ ಅಳತೆ ಹಿಡಿದೆ. ಹಿಂದೆ ಹಸು, ಕರು. ಎಲ್ಲ ಆದಮೇಲೆ ಖಾಲಿ ಕೈ ನೋಡಿ ನನಗೇ ಯಾಕೋ ಅಳುಕಾಯಿತು. ಮಡಿಲಿಗೆ ಒಂದು ಮೊರ ಇಟ್ಟು, ಅದರ ತುಂಬ ಕಡಲೆಕಾಯಿ ಬರೆದೆ. ಸುಲಿಯುತ್ತಾ ಕೂತಿದ್ದಾಳೆ ಅಂತಾಗಲಿ ಅಂದುಕೊಂಡೆ.

ಮೊದಲ ಎರಡು ದಿನ ಎಲ್ಲರೂ ಹೊಗಳಿದರು. ಮೂಗುತಿ, ಕೆನ್ನೆಯ ಮಚ್ಚೆ ನೋಡಿ, "ಥೇಟ್ ನಿಮ್ಮವ್ವನೇ ಕಣಮ್ಮ" ಅಂದರು. ಕೊನೆಮನೆಯ ಹೊಸ ಸೊಸೆ ಹಾಲು ಹಾಕಿ ಬಂದವಳು ಚಿತ್ರದ ಅವ್ವನ ಪಕ್ಕ ಹಾಗೇ ಕಾಲು ನೀಡಿ ಕೂತು ಫೋಟೋ ತೆಗೆಸಿಕೊಂಡಳು. ಅಷ್ಟರಲ್ಲಿ ಅವಳ ಅತ್ತೆ ಬಂದರು, ಅವಳು ಎದ್ದಳು. ಅವ್ವ ಏಳಲಿಲ್ಲ, ಅವಳು ಚಿತ್ರ.

ನಮ್ಮೂರಲ್ಲಿ ಜಗಲಿಯ ಮೇಲೆ ಕೂತ ಹೆಂಗಸು ಹಿರಿಯ ಗಂಡಸರು ಬಂದರೆ ಏಳಬೇಕು. ಇದಕ್ಕೆ ಕಟ್ಟಳೆ ಅಂತ ಹೆಸರೇನೂ ಇಲ್ಲ, ಉಸಿರಾಡಿದಷ್ಟು ಸಹಜವಾಗಿ ನಡೆದುಬಂದಿದೆ. ಗಂಡಸರೂ ಇದ್ದಕ್ಕಿದ್ದಂತೆ ಬಂದುಬಿಡುವುದಿಲ್ಲ. ಹತ್ತು ಹೆಜ್ಜೆ ದೂರದಲ್ಲೇ ಒಂದು ಸಲ ಕೆಮ್ಮುತ್ತಾರೆ. ಕೆಮ್ಮಿದರೆ ಹೆಂಗಸರು ಎದ್ದು, ಸೆರಗು ಸರಿಮಾಡಿಕೊಂಡು, ಕಂಬದ ಮರೆಗೋ ಬಾಗಿಲ ಮರೆಗೋ ನಿಲ್ಲುತ್ತಾರೆ. ಯಾರ ಕೆಮ್ಮು ಯಾವುದು ಅಂತ ಅವ್ವನಿಗೆ ಗೊತ್ತು. ಅದರಲ್ಲೂ ನನ್ನ ದೊಡ್ಡಪ್ಪನ ಕೆಮ್ಮು. ದೊಡ್ಡಪ್ಪ ಎಂದರೆ ನಮ್ಮಪ್ಪನ ಅಣ್ಣ, ಅವ್ವನಿಗೆ ಭಾವ. ಅವರೆದುರು ಅವ್ವ ಕೂತದ್ದಿಲ್ಲ, ಮುಖ ನೋಡಿ ಮಾತಾಡಿದ್ದೂ ಇಲ್ಲ. ಹೇಳಬೇಕಾದ್ದನ್ನು ಬಾಗಿಲಿಗೋ ನನಗೋ ಹೇಳುತ್ತಾಳೆ, ಅವರು ಕೇಳಿಸಿಕೊಳ್ಳುತ್ತಾರೆ. ಮಂಡಿ ಹೋದಮೇಲೆ ಏಳುವುದಕ್ಕೆ ಗೋಡೆ ಹಿಡಿಯಬೇಕು, ಉಸ್ಸಪ್ಪಾ ಅನ್ನಬೇಕು. ದೊಡ್ಡಪ್ಪ "ಇರ್ಲಿ, ಇರ್ಲಿ" ಅನ್ನುತ್ತಾರೆ. ಆದರೆ ಅವಳು ಪೂರ್ತಿ ಎದ್ದಮೇಲೆ ಅನ್ನುತ್ತಾರೆ.

ದೊಡ್ಡಪ್ಪನನ್ನು ಕೆಟ್ಟವರು ಅಂತ ಬರೆದುಬಿಟ್ಟರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅಪ್ಪ ಹೋದಾಗ ನಾನು ಏಳನೇ ಕ್ಲಾಸು. ಆ ವರ್ಷದಿಂದ ದೊಡ್ಡಪ್ಪ ಮೊದಲು ನಮ್ಮ ಹೊಲ ಉತ್ತು ಆಮೇಲೆ ತಮ್ಮದನ್ನು ಉಳುತ್ತಿದ್ದರು. ನಾನು ತುಮಕೂರಿಗೆ ಹೋಗಿ ಚಿತ್ರ ಕಲಿಯುತ್ತೇನೆ ಅಂದಾಗ ಊರೆಲ್ಲ ನಗಾಡಿತು. ದೊಡ್ಡಪ್ಪ ನನ್ನ ಟ್ರಂಕು ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಬಂದರು.

ಮೂರನೆಯ ದಿನ ಸಂಜೆ. ಹಾಲು ಹಾಕುವ ಹೊತ್ತು ಮುಗಿದಿತ್ತು, ಬೀದಿ ದೀಪ ಇನ್ನೂ ಹತ್ತಿರಲಿಲ್ಲ. ಹಸುವಿನ ಕೊಂಬು ತಿದ್ದಿ ಮುಗಿಸಿ ನಾನು ಮೂಲೆಯ ನಲ್ಲಿಯಲ್ಲಿ ಬ್ರಷ್ಷು ತೊಳೆಯುತ್ತಿದ್ದೆ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ನಾಲ್ಕೈದು ಜನ ಇದ್ದರು. ದೊಡ್ಡಪ್ಪ ಹೊಲದ ಕಡೆಯಿಂದ ಬಂದರು. ಒಂದು ಕಣ್ಣಿನ ಪೊರೆ ತೆಗೆಸಿದ್ದರು, ಇನ್ನೊಂದು ಬಾಕಿ ಇತ್ತು. ಡೈರಿ ಹತ್ತಿರ ಬರುತ್ತಿದ್ದಂತೆ ಕೆಮ್ಮಿದರು. ನಾಲ್ಕು ಹೆಜ್ಜೆ ಇಟ್ಟು ನಿಂತರು. ಮತ್ತೆ ಕೆಮ್ಮಿದರು, ಈ ಸಲ ಸ್ವಲ್ಪ ಜೋರಾಗಿ. ನಿಂತೇ ಇದ್ದರು. ಜಗಲಿ ಮೇಲೆ ಕಾಲು ನೀಡಿದ್ದ ತಮ್ಮನ ಹೆಂಡತಿ ಏಳಲೇ ಇಲ್ಲ.

"ಯಜಮಾನ್ರೇ, ಅದು ಗ್ವಾಡೆ" ಅಂತ ಬೆಂಚಿನಿಂದ ಒಬ್ಬ ಅಂದ.

ಬೆಂಚಿಗೆ ಬೆಂಚೇ ನಕ್ಕಿತು. ಹೇಳಲು ನಾಚಿಕೆಯಾಗುತ್ತದೆ, ನಾನೂ ನಕ್ಕೆ. ಬರೆಯುವವಳ ಗರ್ವ ಅದು. ನೋಡಿದವರು ನಿಜವೆಂದೇ ನಂಬಿದರಲ್ಲ ಅನ್ನುವ ಖುಷಿ. ದೊಡ್ಡಪ್ಪ ತಿರುಗಿ ನನ್ನ ಕಡೆ ನೋಡಿದರು. ಟವೆಲ್ ಸರಿಮಾಡಿಕೊಂಡು ಹೋದರು.

ಮಾರನೆಯ ಬೆಳಿಗ್ಗೆ ಮನೆಗೆ ಬಂದರು. ಬಾಗಿಲಾಚೆ ಕೆಮ್ಮು ಕೇಳಿ ಅವ್ವ ಒಲೆ ಮುಂದಿನಿಂದ ಎದ್ದು ಬಾಗಿಲ ಮರೆಗೆ ನಿಂತಳು. ದೊಡ್ಡಪ್ಪ ಜಗಲಿಯ ಮೇಲೆ ಕೂತು ಒಂದಷ್ಟು ಹೊತ್ತು ಮಳೆ, ಜೋಳ ಅಂತ ಮಾತಾಡಿದರು. ಆಮೇಲೆ, "ಚಿತ್ರ ಚೆಂದಾಗಿ ಬರ್ದಿದ್ದೀಯ ಕಣವ್ವ. ನಿಮ್ಮವ್ವನೇ ಕೂತಂಗೈತೆ. ಆದ್ರೆ ನಿಮ್ಮವ್ವ ಆಗಿದ್ರೆ ಏಳೋಳು. ಇವ್ಳು ಏಳಕಿಲ್ಲ" ಅಂದರು.

"ಅದು ಗೋಡೆ ದೊಡ್ಡಪ್ಪ."

"ಗ್ವಾಡೆ ಅಂತ ನಂಗೊತ್ತವ್ವ. ನೆನ್ನೆ ಎಲ್ರೂ ಸೇರಿ ಹೇಳ್ಕೊಟ್ರಲ್ಲ."

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು, "ಎದ್ದು ನಿಲ್ಸವ್ವ. ಅಷ್ಟು ಮಾಡು" ಅಂದರು. ಬೈದಿದ್ದರೆ ಜಗಳ ಮಾಡಬಹುದಿತ್ತು. ಜಗಳ ನನಗೆ ಚೆನ್ನಾಗಿ ಬರುತ್ತದೆ.

ಒಳಗೆ ಬಂದರೆ ಅವ್ವ ಮತ್ತೆ ಒಲೆ ಮುಂದೆ ಇದ್ದಳು. ಅವಳು ಏನಾದರೂ ಹೇಳುತ್ತಾಳೆ ಅಂತ ಕಾದೆ. ಮುದ್ದೆ ತಿರುವಿ ತಟ್ಟೆಗೆ ಹಾಕಿ ಕೊಟ್ಟಳು, ಅಷ್ಟೇ.

ಮಾತು ಊರೆಲ್ಲ ಹರಡಿ ಡೈರಿಯ ಹೆಂಗಸರು ರಾಜಿಗೆ ಬಂದರು. ಸೆಕ್ರೆಟರಿ ಅಕ್ಕ, "ಪೂರ್ತಿ ನಿಲ್ಸೋದೇನ್ ಬ್ಯಾಡ, ಕಾಲು ಮಡ್ಸಿದ್ರೆ ಸಾಕು ಅಂತಾವ್ರೆ" ಅಂದಳು. ಮಡಿಸಿದೆ. ಈಗ ಅವಳು ಹೊಟ್ಟೆನೋವು ಬಂದು ಮುದುರಿಕೊಂಡವಳ ಹಾಗೆ ಕಂಡಳು. ತಲೆ ಮೇಲೆ ಸೆರಗು ಹಾಕು ಅಂದರು. ಹಾಕಿದೆ. ಹುಷಾರಿಲ್ಲದವಳ ಥರ ಕಾಣ್ತಾಳೆ ಅಂತ ಅವರೇ ಅಂದರು. ಮುಖ ಬೇರೆ ಮಾಡು, ಮೊರ ಸ್ವಲ್ಪ ದೊಡ್ಡದು ಮಾಡು, ಕಣ್ಣು ಕೆಳಗೆ ಮಾಡು. ನಾನು ಬ್ರಷ್ಷನ್ನು ಬಕೆಟ್ಟಿಗೆ ಎಸೆದೆ. "ನೀವೇ ಬರ್ಕೊಳಿ" ಅಂತ ಕೂಗಿಯೂಬಿಟ್ಟೆ. ಅವರ್ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಕ್ಯಾನು ಎತ್ತಿಕೊಂಡು ಮನೆಗೆ ಹೋದರು.

ಆ ದಿನಗಳಲ್ಲಿ ಅವ್ವ ಹಾಲು ತೆಗೆದುಕೊಂಡು ಟೀ ಅಂಗಡಿ ಮುಂದಿನ ದಾರಿಯಲ್ಲಿ ಹೋಗುವುದನ್ನು ಬಿಟ್ಟಿದ್ದಳು. ಕೊಟ್ಟಿಗೆ ಹಿಂದಿನ ಸಂದಿಯಲ್ಲಿ, ಎಲ್ಲರಿಗಿಂತ ಮೊದಲು, ಮಬ್ಬುಗತ್ತಲಲ್ಲೇ ಹೋಗುತ್ತಿದ್ದಳು. ನನ್ನ ಹುಚ್ಚಿಗೆ ಅವ್ವ ಊರಲ್ಲಿ ತಲೆ ಎತ್ತದಂತಾಯಿತು ಅಂದುಕೊಂಡೆ. ನನಗೇನು, ಸ್ಕೂಟರ್ ಹತ್ತಿ ಮಧುಗಿರಿಗೆ ಹೋಗುತ್ತೇನೆ. ಅವಳು ಇಲ್ಲೇ ಬಾಳಬೇಕು, ಉಳುವುದಕ್ಕೆ ದೊಡ್ಡಪ್ಪನೇ ಬರಬೇಕು. ಹಾಗಂತ ನಾನೇ ತೀರ್ಮಾನ ಮಾಡಿದೆ.

ಒಂದು ಇಡೀ ದಿನ ಹಿಡಿಯಿತು. ಎರಡು ಕೈ ಬಿಳಿ ಬಣ್ಣ ಹೊಡೆದು ಕೂತವಳನ್ನು ಅಳಿಸಿದೆ. ಒಣಗಿದ ಮೇಲೆ ನಿಂತವಳನ್ನು ಬರೆದೆ. ಸೊಂಟದಲ್ಲಿ ಕೊಡ, ತಲೆ ಮೇಲೆ ಸೆರಗು, ಹಲ್ಲು ಕಾಣದ ನಗು. ಅಂಥವಳನ್ನು ಬರೆಯಲು ಫೋಟೋ ಬೇಕಿಲ್ಲ, ಕೈಗೇ ಅಭ್ಯಾಸವಾಗಿದೆ. ಮುಖ ಮಾತ್ರ ಅವ್ವನದೇ ಬಂತು. ಸಂಜೆ ದೊಡ್ಡಪ್ಪ ಬಂದರು. ಕೆಮ್ಮಲಿಲ್ಲ. ಹತ್ತಿರ ಬಂದು ಗೋಡೆಯನ್ನು ಕೈಯಲ್ಲಿ ಸವರಿ ನೋಡಿ, "ಉಂಡ್ಯೇನವ್ವ?" ಅಂತ ನನ್ನನ್ನು ಕೇಳಿದರು.

ಅಲ್ಲಿಂದ ಪಾವಗಡದ ಕೆಲಸಕ್ಕೆ ಹೋದೆ, ತಿರುಮಣಿ ಕಡೆಯ ಒಂದು ಶಾಲೆ. ಬಯಲು ತುಂಬ ಸೋಲಾರ್ ಹಲಗೆಗಳು, ಒಂದೇ ಕಡೆ ಮುಖ ಮಾಡಿಕೊಂಡು. ಗೋಡೆಯ ಮೇಲೆ ಕೊಡ ಹೊತ್ತವಳು, ಸೊಪ್ಪು ಹಿಡಿದವಳು. "ಬೊಮ್ಮ ಬಾಗುಂದಿ" ಅಂತ ಅಲ್ಲಿಯ ಆಯಾ ತೆಲುಗಿನಲ್ಲಿ ಹೊಗಳಿದರು. ನನಗೆ ಏನೂ ಅನ್ನಿಸಲಿಲ್ಲ. ಮೂರು ವಾರ ಬಿಟ್ಟು ಊರಿಗೆ ಬಂದೆ.

ಬೆಳಿಗ್ಗೆ ಅವ್ವ ಹಾಲು ಕರೆದು, ಕ್ಯಾನನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟು ಕಳಿಸಿದಳು. ದಿನವೂ ಹಾಗೇ ಅಂತೆ. ಮಂಡಿ ಜಾಸ್ತಿಯಾಯಿತೇನೋ ಅಂತ ಗಾಬರಿಯಾಗಿ ಡೈರಿಗೆ ಹೋಗಿ ಸೆಕ್ರೆಟರಿ ಅಕ್ಕನನ್ನು ಕೇಳಿದೆ.

"ಮಂಡಿ ಅಲ್ಲ ಕಣೆ" ಅಂದಳು. "ನೀನು ಅಳಿಸ್ದಾಗ್ಲಿಂದ ನಿಮ್ಮವ್ವ ಇತ್ತಾಗೆ ಕಾಲೇ ಇಟ್ಟಿಲ್ಲ. ಮೊದ್ಲಾದ್ರೆ ನಾನು ಬಾಗ್ಲು ತೆಗೆಯೋಕ್ ಮುಂಚೇನೆ ಬಂದ್ಬುಡೋಳು. ಕ್ಯಾನು ಕೆಳಗಿಟ್ಟು ಚಿತ್ರ ನೋಡ್ಕೊಂಡು ನಿಂತಿರೋಳು. ಒಂದಿನ ಅದ್ರ ಕಾಲು ಮುಟ್ಟಿ ನೋಡ್ತಾ ಇದ್ಲು. ನಾನು ನೋಡ್ದೇ ಇರೋಳ ಥರ ಇದ್ಬುಟ್ಟೆ."

ಸಂದಿಯ ದಾರಿ ನಾಚಿಕೆಗೆ ಹಿಡಿದದ್ದಲ್ಲ. ಟೀ ಅಂಗಡಿಯವರ ಕಣ್ಣಿಗೆ ಬೀಳದೆ ಚಿತ್ರ ನೋಡಲು ಹಿಡಿದದ್ದು.

ಮನೆಗೆ ಬಂದೆ. ಅವ್ವ ಹಿತ್ತಿಲ ಕಟ್ಟೆಯ ಮೇಲೆ ಕಾಲು ನೀಡಿ ಕೂತಿದ್ದಳು. ನನಗೆ ಸಿಟ್ಟು ಬಂದಿತ್ತು. ತಪ್ಪು ನನ್ನದಾದಾಗ ನನಗೆ ಮೊದಲು ಬರುವುದು ಸಿಟ್ಟೇ. "ಡೈರಿಗೆ ಯಾಕವ್ವ ಹೋಗಲ್ಲ? ಈಗ ಎದ್ದು ನಿಂತಿದ್ದೀಯಲ್ಲ, ಯಾರೂ ಏನೂ ಅನ್ನಲ್ಲ" ಅಂದೆ.

"ಆ ನಿಂತಿರೋಳ್ನ ನೋಡುದ್ರೆ ನಂಗೆ ಮಂಡಿ ನೋಯ್ತದೆ" ಅಂದಳು.

"ಮತ್ತೆ ಅವತ್ತು ಹೇಳಬೇಕಿತ್ತು, ಅಳಿಸಬೇಡ ಅಂತ."

ಅವ್ವ ನನ್ನ ಮುಖ ನೋಡಿದಳು. "ನೀನೆಲ್ಲಿ ಕೇಳ್ದೆ? ಕೂರ್ಸೋವಾಗ್ಲೂ ನನ್ನ ಕೇಳ್ಲಿಲ್ಲ, ಎಬ್ಸೋವಾಗ್ಲೂ ಕೇಳ್ಲಿಲ್ಲ. ನಿಮ್ಮ ದೊಡ್ಡಪ್ಪನ್ ಮಾತು ಕೇಳ್ದೆ, ಡೈರಿಯೋರ್ ಮಾತು ಕೇಳ್ದೆ."

ನಾನು ಅವಳ ಪಕ್ಕ ಕೂತೆ. ಅಳು ಬಂತು, ಅತ್ತೆ. ಹೆಂಗಸರ ಬದುಕನ್ನು ಗೋಡೆಗೆ ತರುತ್ತೇನೆ ಅಂತ ಎಷ್ಟು ಸಭೆಗಳಲ್ಲಿ ಹೇಳಿಕೊಂಡಿದ್ದೆನೋ. ಅವ್ವ ಸಮಾಧಾನವನ್ನೇನೂ ಮಾಡಲಿಲ್ಲ. ಸೀಗೆಬಳ್ಳಿ ಮೇಲಿನ ಅಳಿಲನ್ನು ನೋಡುತ್ತಾ ಕೂತಿದ್ದಳು.

ಮೂಗು ಒರೆಸಿಕೊಂಡು, "ಈಗ ಕೇಳ್ತಿದ್ದೀನಿ. ಮತ್ತೆ ಕೂರಿಸಲಾ?" ಅಂದೆ.

ಅವ್ವ ಸೀರೆ ಖರೀದಿಗೆ ಹೋದಾಗ ಅಂಚು ಮುಟ್ಟಿ ನೋಡುತ್ತಾ ಯೋಚಿಸುತ್ತಾಳಲ್ಲ, ಹಾಗೆ ಯೋಚಿಸಿದಳು.

"ಎಲ್ಲಿಂದ ಎಬ್ಸುದ್ಯೋ ಅಲ್ಲೇ ಕೂರ್ಸು" ಅಂದಳು. "ಆದ್ರೆ ಆ ಮೊರ ಬ್ಯಾಡ. ಕೂತ್ಕಂಡಾಗ್ಲೂ ನಂಗೊಂದು ಕೆಲಸ ಕೊಟ್ಬುಟ್ಟಿದ್ದೆ ನೋಡು. ಕೈ ಖಾಲಿ ಇರ್ಲಿ."

"ದೊಡ್ಡಪ್ಪ ಬಂದು ಕೆಮ್ಮಿದ್ರೆ?"

ಅವ್ವ ನೀಡಿದ ಕಾಲನ್ನು ಇನ್ನೊಂದಿಷ್ಟು ನೀಡಿಕೊಂಡಳು.

"ಕೆಮ್ಮುದ್ರೆ ಕೆಮ್ಲಿ ಬುಡು. ಶುಂಠಿ ಕಷಾಯ ಕಾಯ್ಸಿ ಕೊಡ್ತೀನಿ."