ನಿಂಬೆಗಿಡಕ್ಕೆ ಹೊಡೆದ ಎಣ್ಣೆ

ಹೂವಿನಹಡಗಲಿಯಲ್ಲಿ ಮಲ್ಲಿಗೆ ತೋಟದ ಮನೆಗೆ ಸೊಸೆಯಾಗಿ ಬಂದವಳು ಕಲಿಯುವ ಮೊದಲ ಪಾಠ ಒಂದೇ: ಹುಳ ಕಂಡಿತೋ, ಎಣ್ಣೆ ಹೊಡಿ. ಎಣ್ಣೆ ಎಂದರೆ ಅಡುಗೆಯದಲ್ಲ, ಕೀಟನಾಶಕ. ನಮ್ಮ ಕಡೆ ಅದಕ್ಕೆ ಹಾಗೆಯೇ ಅನ್ನುವುದು. ಒಂದು ದಿನ ತಡ ಮಾಡಿದರೂ ಮೊಗ್ಗಿಗೆಲ್ಲ ತೂತು ಬಿದ್ದು, ಮಾಲೆ ಕಟ್ಟುವವರು ಕೈಯಲ್ಲಿ ಹಿಡಿಯುವುದಿಲ್ಲ. ನನಗೆ ಈ ಪಾಠ ಹೇಳಿಕೊಟ್ಟವರು ನಮ್ಮ ಅತ್ತೆ. ಅದನ್ನು ಅವರ ಮೇಲೆಯೇ ತಿರುಗಿಸಿದ ಪಾಪಿ ನಾನು.

ಹೋದ ಬೇಸಿಗೆಯ ಮಾತು. ಅಬ್ಬಬ್ಬಾ, ಅದೇನು ಬಿಸಿಲು! ಯುಗಾದಿ ಮುಗಿದದ್ದೇ ತಡ, ಹತ್ತು ಗಂಟೆಗೆಲ್ಲ ಅಂಗಳದಲ್ಲಿ ಬರಿಗಾಲು ಊರಲು ಆಗುತ್ತಿರಲಿಲ್ಲ. ಫ್ಯಾನು ಬೇಕೆಂದ ಹೊತ್ತಿಗೇ ಕರೆಂಟು ಹೋಗುತ್ತಿತ್ತು. ನಳದ ನೀರು ನಾಲ್ಕು ದಿನಕ್ಕೊಮ್ಮೆ. ಒಂದು ವಾರ ತಡೆದುಕೊಂಡರೆ ಆಯಿತು ಅಂದುಕೊಂಡರೆ ತಿಂಗಳು ಕಳೆದರೂ ಆಕಾಶದಲ್ಲಿ ಒಂದು ಮೋಡವಿಲ್ಲ. ಅತ್ತೆ ಚಳಿಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಆಪರೇಷನ್ ಆಗಿ ಕೂತಲ್ಲೇ ಕೂರುವಂತಾಗಿತ್ತು. ಒಳಗಿನ ಕುದಿ ತಾಳದೆ ಅವರ ಮಂಚವನ್ನು ಹಿತ್ತಲ ಪಡಸಾಲೆಗೆ ಹಾಕಿದೆವು. ಮಂಚದಿಂದ ಕೈ ಚಾಚಿದರೆ ನಿಂಬೆಗಿಡ.

ಆ ಗಿಡ ನನ್ನದು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಹಾಕಿ ಮೂರು ವರ್ಷ ಸಾಕಿದ್ದೆ. ಅಂಥದ್ದಕ್ಕೆ ಕಪ್ಪು-ಹಳದಿ ಚಿಟ್ಟೆಯೊಂದು ಬಂದು ತತ್ತಿ ಇಟ್ಟುಹೋಯಿತು. ಹುಳಗಳು ಮೊದಲು ಹಕ್ಕಿಯ ಹಿಕ್ಕೆಯಂತಿದ್ದವು, ಆಮೇಲೆ ಹಸಿರಾಗಿ ಬೆರಳುದ್ದ ಬೆಳೆದವು. ಎಳೆ ಎಲೆ ಒಂದನ್ನೂ ಬಿಡಲಿಲ್ಲ. ನಾನು ಕಿತ್ತು ಒಗೆಯಲು ಹೋದರೆ ಅತ್ತೆ, "ಮುಟ್ಟಬ್ಯಾಡ! ಪಾತರಗಿತ್ತಿ ಆಗ್ತಾವು. ನಾ ನೋಡಾಕತ್ತೀನಿ" ಎಂದು ಗದರಿದರು. ಜೀವಮಾನವಿಡೀ ಹುಳ ಕೊಂದ ಹೆಂಗಸು!

ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದೆ. "ಓಡಿ ಬಾರೇ!" ಎಂದು ಕೂಗಿದರು. ಬಿದ್ದರೇನೋ ಎಂದು ಹಿಟ್ಟಿನ ಕೈಯಲ್ಲೇ ಓಡಿದೆ. ನೋಡಿದರೆ ಗೂಡು ಒಡೆದು ಹೊರಬಂದ ಚಿಟ್ಟೆಯೊಂದು ಮುದುಡಿದ ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. "ಇದಕ್ಕ ಕರದ್ರೇನ್ರಿ? ಅಲ್ಲಿ ರೊಟ್ಟಿ ಹೊತ್ತತೈತಿ" ಎಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ಎಲೆ ತಿನ್ನುತ್ತಿದ್ದ ಇನ್ನೊಂದು ಹುಳಕ್ಕೆ, "ಏನ್ ಚೆಂದ ತಿಂತೀಯೋ ನನ್ನ ಬಂಗಾರ" ಎನ್ನುತ್ತಿದ್ದರು.

ಅದು ನನಗೆ ನಾಟಿತು. ಈಗ ಹೇಳಿದರೆ ನಗೆಗೇಡು. ಆದರೆ ಮೂವತ್ತು ವರ್ಷ ಅವರ ಮನೆಯಲ್ಲಿ ರೊಟ್ಟಿ ಬಡಿದಿದ್ದೇನೆ, ಸೊಂಟ ಮುರಿದ ಮೇಲೆ ಹೇಲು ಉಚ್ಚೆ ಬಳಿದಿದ್ದೇನೆ, ನನಗೊಮ್ಮೆಯೂ ಆ ಬಾಯಿಂದ ಅಂಥ ಮಾತು ಬಂದಿರಲಿಲ್ಲ. ಹುಳಕ್ಕೆ ಬಂಗಾರ ಅಂತೆ! ಹೌದು, ನಾನು ಒಂದು ಹುಳದ ಮೇಲೆ ಹೊಟ್ಟೆಕಿಚ್ಚು ಪಟ್ಟೆ.

ಅವತ್ತು ಮಧ್ಯಾಹ್ನ ಅತ್ತೆಗೆ ಜೋಂಪು ಹತ್ತಿದಾಗ, ತೋಟಕ್ಕೆ ಹೊಡೆದು ಉಳಿದಿದ್ದ ಎಣ್ಣೆಯನ್ನು ಹಳೆಯ ಕೈಪಂಪಿಗೆ ಹಾಕಿ ಗಿಡಕ್ಕೆ ಹೊಡೆದೆ. ಸಂಜೆಯೊಳಗೆ ಹುಳಗಳೆಲ್ಲ ಬುಡದಲ್ಲಿ ಮುದುರಿಕೊಂಡು ಬಿದ್ದಿದ್ದವು. ಎದ್ದ ಅತ್ತೆ ಏನಾಯಿತೆಂದು ಕೇಳಿದರು. ನಾನು ತಡವರಿಸಲೂ ಇಲ್ಲ.

"ಝಳಕ್ಕ ಸತ್ತಾವ ನೋಡ್ರಿ ಅತ್ತಿ. ಮನಷ್ಯಾರ ತಡಿಯವಲ್ರು, ಇವೇನ್ ತಡದಾವು?"

"ಅಯ್ಯ ಶಿವನ, ತಂಪಿಲ್ಲದ ಸತ್ತವಲ್ಲಾ" ಎಂದರು. ತೋಟದ ಮನೆಯಲ್ಲಿ ಎಣ್ಣೆಯ ವಾಸನೆ ದಿನಾ ಇದ್ದದ್ದೇ, ಅವರಿಗೆ ಅನುಮಾನ ಬರಲಿಲ್ಲ. ನಾನು ಬದುಕಿದೆ ಅಂದುಕೊಂಡು ಚಹಾಕ್ಕಿಟ್ಟೆ.

ಮುಂದಿನ ನಾಲ್ಕೈದು ದಿನ ನನಗೆ ಒಳಗೊಳಗೇ ಸಮಾಧಾನ. ಮೊದಲೆಲ್ಲ ನೀರು ಕುಡಿಸಲು ಹರಸಾಹಸ ಪಡಬೇಕಿತ್ತು. ಈಗ ತುಂಬಿಸಿಟ್ಟ ತಂಬಿಗೆ ಹೊರಳಿ ಬರುವಷ್ಟರಲ್ಲಿ ಖಾಲಿ. ಮಜ್ಜಿಗೆಯ ಲೋಟವೂ ಖಾಲಿ. ಗಿಡದ ಬುಡ ಹಸಿಯಾಗಿರುವುದು ಕಂಡೆ, ಕೈ ತೊಳೆದಿರಬೇಕು ಅಂದುಕೊಂಡೆ. "ನಮ್ಮತ್ತಿ ಈಗ ಛಲೋ ನೀರು ಕುಡಿತಾರ" ಎಂದು ಪಕ್ಕದ ಮನೆಯವಳ ಮುಂದೆ ಹೇಳಿಕೊಂಡೆ ಕೂಡ.

ಆರನೆಯ ದಿನ ಊಟಕ್ಕೆ ಎಬ್ಬಿಸಲು ಹೋದರೆ ಅತ್ತೆಯ ಮೈ ಕೆಂಡ. ತುಟಿ ಒಡೆದಿತ್ತು, ನಾಲಿಗೆ ಒಣಗಿ ಮಾತು ತೊದಲುತ್ತಿತ್ತು, ನನ್ನನ್ನು ತಮ್ಮ ಅವ್ವನ ಹೆಸರಿನಿಂದ ಕರೆದರು. ತೋಟದಲ್ಲಿದ್ದ ನನ್ನ ಗಂಡನನ್ನು ಕರೆಸಿ, ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ಗ್ಲೂಕೋಸ್ ಹಚ್ಚಿಸಿ ನನ್ನ ಮೇಲೆ ಸಿಟ್ಟಾದರು: "ಎಷ್ಟು ದಿನ ಆತ್ರಿ ಇವರಿಗೆ ನೀರು ಕೊಟ್ಟು? ಇನ್ನೊಂದು ತಾಸು ಬಿಟ್ಟಿದ್ರ ಕೈ ಮೀರಿ ಹೋಗ್ತಿತ್ತು."

ನನಗೂ ಸಿಟ್ಟು ಬಂತು. ದಿನಕ್ಕೆ ನಾಲ್ಕು ತಂಬಿಗೆ ಕೊಟ್ಟಿದ್ದೇನೆ ಎಂದು ದನಿಯೇರಿಸಿದೆ. ಸಂಜೆ ಅತ್ತೆಗೆ ಎಚ್ಚರ ಬಂದಾಗ ಡಾಕ್ಟರಮ್ಮ ಅವರನ್ನೇ ಕೇಳಿದರು.

"ಆಕಿಗೆ ಬೈಬ್ಯಾಡ್ರಿ. ಆಕಿ ಕೊಟ್ಟಾಳ. ನಾನ ಗಿಡಕ್ಕ ಹಾಕೀನಿ. ಹುಳಾ ಝಳಕ್ಕ ಸತ್ತಾವಂತ ಆಕಿ ಅಂದ್ಲು. ಮನ್ಯಾಗ ನೀರಿಂದು ತ್ರಾಸ ಐತಿ, ಕೇಳಿದ್ರ ಆಕಿ ಎಲ್ಲಿಂದ ತರತಾಳ? ಅದಕ್ಕ ನಂದ ಹಾಕಿದೆ. ಪಾತರಗಿತ್ತಿ ಮತ್ತ ತತ್ತಿ ಇಟ್ರ ಅವಾದ್ರೂ ಉಳೀಲಿ ಅಂತ."

ಡಾಕ್ಟರಮ್ಮ ನಕ್ಕರು. ನನ್ನ ಗಂಡ ಹಣೆ ಚಚ್ಚಿಕೊಂಡ. ನಿಜ ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಬಿಟ್ಟೆ. ಜನರ ಮುಂದೆ ಬೇಡ, ಮನೆಗೆ ಹೋಗಿ ಹೇಳಿದರಾಯಿತು ಎಂದು ನೆಪ ಹೇಳಿಕೊಂಡೆ. ಮನೆಗೆ ಬಂದ ಮೇಲೂ ಹೇಳಲಿಲ್ಲ. ನೋಡಲು ಬಂದವರಿಗೆಲ್ಲ ಅತ್ತೆ, "ನನ್ನ ಸೊಸಿ ಇದ್ದದ್ದಕ್ಕ ಉಳದೆ" ಎನ್ನುತ್ತಿದ್ದರು. ಮೂವತ್ತು ವರ್ಷ ಕಾದ ಮಾತು ಕೊನೆಗೂ ಬಂತು. ನಾನು ಅಡುಗೆಮನೆಗೆ ಹೋಗಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಎರಡು ದಿನ ಬಿಟ್ಟು ಅದೇ ಜಾತಿಯ ಚಿಟ್ಟೆ ಮತ್ತೆ ಬಂತು. ಅವರು ಹಾಕಿದ ನೀರಿಗೆ ಗಿಡ ಚಿಗುರಿತ್ತು. ಚಿಟ್ಟೆ ಎಲೆಯಿಂದ ಎಲೆಗೆ ಹಾರುತ್ತ ತತ್ತಿ ಇಡಲು ಹಿಂಬದಿಯನ್ನು ಬಗ್ಗಿಸಿತು. ಎಲೆಯ ಮೇಲೆ ವಿಷ ಇನ್ನೂ ಇದ್ದರೆ? ನಾನು ಓಡಿಹೋಗಿ ಸೆರಗು ಬೀಸಿ ಅದನ್ನು ಓಡಿಸಿದೆ.

"ಯಾಕ ಓಡಸ್ತೀ ಅದನ್ನ?" ಎಂದರು ಅತ್ತೆ.

ಇನ್ನೊಂದು ಸುಳ್ಳು ಹುಡುಕಿದೆ, ಸಿಗಲಿಲ್ಲ. "ಅವು ಝಳಕ್ಕ ಸತ್ತಿಲ್ರಿ ಅತ್ತಿ. ನಾನ ಎಣ್ಣಿ ಹೊಡದಿದ್ದೆ. ನೀವು ಮಲಗಿದ್ದಾಗ."

ಅವರು ಬೈಯಲಿಲ್ಲ. ಗಿಡವನ್ನು ನೋಡಿದರು, ನನ್ನನ್ನು ನೋಡಿದರು. "ಬೈರಿ ಅತ್ತಿ, ಒಂದು ಮಾತಾದ್ರೂ ಬೈರಿ" ಎಂದು ಮಂಚದ ಕಾಲ ಬಳಿ ಕುಸಿದು ಕೂತೆ. ಅವರು "ನೀರು ಕೊಡು" ಎಂದರು.

ಗಡಿಗೆಯಿಂದ ತಣ್ಣನೆಯ ನೀರು ತುಂಬಿ ತಂದುಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡು ಬಾಯಿಯವರೆಗೆ ಒಯ್ದರು, ತಡೆದರು. ಕುಡಿಯುವ ಮೊದಲು, ನನ್ನೆದುರಿಗೇ, ಒಮ್ಮೆ ಮೂಸಿ ನೋಡಿದರು.