ನೀರಗಂಟಿ ಬಿಹಿಯ ಹೆಬ್ಬೆಟ್ಟು

ಬಿಹಿ ಮೂವತ್ತೆಂಟು ವರ್ಷದಿಂದ ಊರಿನ ನೀರಗಂಟಿ. ಅಟ್ಲಾಸ್ ಬೆಟ್ಟದ ಮಗ್ಗುಲಿನ ಆ ಊರಿಗೆ ಇದ್ದದ್ದು ಒಂದೇ ಬುಗ್ಗೆ, ಅದರ ನೀರು ಕುಡಿಯುವ ಹೊಲಗಳು ಇಪ್ಪತ್ತೊಂದು ಮನೆಯವು. ತಳದಲ್ಲಿ ಸೂಜಿಯಷ್ಟು ತೂತಿದ್ದ ತಾಮ್ರದ ಬಟ್ಟಲನ್ನು ಬಿಹಿ ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದ. ಅದು ತುಂಬಿ ಮುಳುಗಿದರೆ ಒಂದು ಪಾಲು ಮುಗಿಯಿತು. ಯಾರಿಗೆ ಎಷ್ಟು ಬಟ್ಟಲು ಎಂಬುದೆಲ್ಲ ಅವನಿಗೆ ಬಾಯಿಪಾಠ. ಒಡಹುಟ್ಟಿದ ತಂಗಿಗೂ ಅರ್ಧ ಬಟ್ಟಲು ಹೆಚ್ಚು ಬಿಟ್ಟವನಲ್ಲ. ಅದಕ್ಕಾಗಿ ಅವಳಿಂದ ಬೈಸಿಕೊಂಡದ್ದೂ ಉಂಟು.

ಊರಿನ ಹತ್ತಿರ ಒಂದು ಕಾಗದವೂ ಇತ್ತು. ಫ್ರೆಂಚರ ಕಾಲದಲ್ಲಿ ಒಬ್ಬ ಕ್ಯಾಪ್ಟನ್ ಕೊಟ್ಟದ್ದು. ನೀರು ನಿಮ್ಮದೇ ಎಂದು ಬರೆದಿದೆ ಎಂದು ಅಂದಿನ ದುಭಾಷಿ ಹೇಳಿದ್ದನಂತೆ. ಫ್ರೆಂಚ್ ಓದಬಲ್ಲವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಆದರೂ ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಮಸೀದಿಯ ಗೂಡಿನಿಂದ ಅದನ್ನು ತೆಗೆದು, ಹುಳ ಹಿಡಿಯದಂತೆ ಕಹಿಸೊಪ್ಪು ಸವರಿ, ಮುತ್ತಿಟ್ಟು, ಮತ್ತೆ ತಗಡಿನ ಕೊಳವೆಯಲ್ಲಿ ಜೋಪಾನ ಮಾಡುತ್ತಿದ್ದರು.

ಫ್ರೆಂಚರು ಹೋಗಿ ಮೂವತ್ತು ವರ್ಷವಾದ ಮೇಲೆ ಬಯಲಿನ ಟೊಮೆಟೊ ಕಂಪನಿಯೊಂದು ಆ ಬುಗ್ಗೆ ತನಗೆ ಬೇಕೆಂದಿತು. ವಿಚಾರಣೆಗೆ ಬನ್ನಿ ಎಂಬ ನೋಟಿಸು ಬಂದದ್ದೂ ಫ್ರೆಂಚಿನಲ್ಲೇ. ಎಲ್ಲರಿಗಿಂತ ಹೆಚ್ಚು ಹೆದರಿದವಳು ಕಾಲುವೆಯ ತುದಿಯಲ್ಲಿದ್ದ ವಿಧವೆ ಇಜ್ಜಾ. ಒಂದು ತುಂಡು ಬಾರ್ಲಿ ಹೊಲ, ಎಂಟು ಬಾದಾಮಿ ಮರ. ನೀರು ಹೋದರೆ ಅವಳು ಅಗಾದಿರ್ ಪಟ್ಟಣಕ್ಕೆ ಹೋಗಿ ಯಾರದೋ ಮನೆಯ ಪಾತ್ರೆ ತಿಕ್ಕಬೇಕು. ಬಿಹಿ ಅವಳನ್ನೂ ಕಚೇರಿಗೆ ಕರೆದುಕೊಂಡು ಹೊರಟ.

"ಹೆದರ್ಬೇಡ ಇಜ್ಜಕ್ಕ, ನಮ್ ಹತ್ರ ಕಾಗದ ಇದೆ," ಎಂದ.

ಅಧಿಕಾರಿ ಅವರದೇ ಬೆಟ್ಟದ ಕಡೆಯವನು. ಚಹಾ ತಂದವನನ್ನು ಬೈದದ್ದು ಅವರದೇ ಅಮಾಜಿಗ್ ಮಾತಿನಲ್ಲಿ. ಕಾಗದ ಬಿಡಿಸಿ ಓದಿ, ಮುಖ ಸಣ್ಣದು ಮಾಡಿಕೊಂಡ.

"ಅಜ್ಜ, ಬುಗ್ಗೆ ಸರ್ಕಾರದ್ದು ಅಂತಿದೆ ಇದ್ರಲ್ಲಿ. ಕೇಳೋವರೆಗೂ ನೀವು ಬಳಸ್ಬಹುದು, ಕೇಳಿದಾಗ ಬಿಟ್ಟುಕೊಡ್ಬೇಕು."

ಬಿಹಿ ಕಾಗದವನ್ನು ದಿಟ್ಟಿಸಿದ. ಐವತ್ತು ವರ್ಷ ಇದಕ್ಕೇ ಮುತ್ತಿಟ್ಟೆವೇ! ಆ ಕ್ಯಾಪ್ಟನ್ ಮೋಸ ಮಾಡಿದ್ದರಲ್ಲಿ ಆಶ್ಚರ್ಯವಿರಲಿಲ್ಲ, ಅವನು ಬಂದದ್ದೇ ಅದಕ್ಕೆ. ತಮ್ಮಂತೆಯೇ ಬಾರ್ಲಿ ಗಂಜಿ ಕುಡಿದು ಬೆಳೆದ ಈ ಹುಡುಗ ಅದೇ ಕಾಗದವನ್ನು ಎತ್ತಿ ಹಿಡಿದನಲ್ಲ, ಅದಕ್ಕೆ ಬಿಹಿಯ ಮೈ ಉರಿದುಹೋಯಿತು.

ಅವನು ಒಂದು ಬಕೆಟ್ ನೀರು ತರಿಸಿದ. ಚೀಲದಿಂದ ಬಟ್ಟಲು ತೆಗೆದು ತೇಲಿಬಿಟ್ಟು, ಇದು ಮುಳುಗುವ ತನಕ ನನ್ನ ಪಾಳಿ ಎಂದು ಮಾತು ಶುರು ಮಾಡಿದ. ಬುಗ್ಗೆಯನ್ನು ಯಾರು ಅಗೆದರು, ಯಾವ ಮನೆಗೆ ಯಾವ ವಾರ, ಇಜ್ಜಾಳ ಎರಡು ಬಟ್ಟಲು ಯಾರ ಮದುವೆಯಲ್ಲಿ ಬಳುವಳಿಯಾಗಿ ಬಂತು, ಎಲ್ಲವನ್ನೂ ಹೇಳಿದ. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳುತ್ತ ಕೂತುಬಿಟ್ಟ.

"ನಮ್ಮಮ್ಮನ ಕಡೆಯೋರು ನಿಮ್ಮೂರೋರೇ, ಮಸೀದಿ ಪಕ್ಕದ ಮನೆ. ಅವರಿಗೂ ಪಾಲಿತ್ತಾ?" ಎಂದ.

"ಇತ್ತು. ಒಂದೂವರೆ ಬಟ್ಟಲು."

ಬಟ್ಟಲು ಮುಳುಗಿತು. ಅಧಿಕಾರಿ ಪೆನ್ನು ತೆಗೆದುಕೊಂಡು ಒಂದೇ ಸಾಲು ಬರೆದ. ಏನು ಬರೆದಿರಿ ಎಂದು ಬಿಹಿ ಕೇಳಿದ.

"ನೀರಗಂಟಿ ಹಾಜರಿದ್ದ, ಹೇಳಿಕೆ ಏನೂ ಇಲ್ಲ ಅಂತ." ಬಿಹಿಯ ಮುಖ ನೋಡದೆ ಮುಂದುವರಿಸಿದ. "ಫ್ರೆಂಚಲ್ಲೋ ಅರಬ್ಬೀಲೋ ಹೇಳಿದ್ರೆ ಮಾತ್ರ ಹೇಳಿಕೆ, ಅಜ್ಜ. ನಮ್ ಮಾತಿಗೆ ಕಡತದಲ್ಲಿ ಜಾಗ ಇಲ್ಲ. ನಾನೇನ್ ಮಾಡ್ಲಿ?"

ಕ್ಯಾಪ್ಟನ್ನನ ಫ್ರೆಂಚನ್ನು ಇವರ ಮಾತಿಗೆ ದಾಟಿಸಲು ಅಧಿಕಾರಿಗೆ ಒಂದು ನಿಮಿಷ ಸಾಕಾಗಿತ್ತು. ಇವರದನ್ನು ಅತ್ತ ದಾಟಿಸಲು ಮಾತ್ರ ಕಾನೂನು ಅಡ್ಡ ಬಂತು! ಅವನು ಶಾಯಿಯ ಡಬ್ಬಿಯನ್ನು ಮುಂದೆ ತಳ್ಳಿದ. ಹೆಬ್ಬೆಟ್ಟು ಒತ್ತಿದರೆ ವಿಚಾರಣೆ ಮುಗಿದಂತೆ.

ಬಿಹಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡ.

"ಏನೂ ಹೇಳ್ದೇ ಇರೋನು ಯಾತಕ್ಕಪ್ಪಾ ಹೆಬ್ಬೆಟ್ಟು ಒತ್ಬೇಕು? ನಿಮ್ಮಮ್ಮನ ಒಂದೂವರೆ ಬಟ್ಟಲು ಅದ್ರಲ್ಲಿ ಬರಿ. ಅದರ ಕೆಳಗೆ ಒತ್ತೀನಿ."

ಅಧಿಕಾರಿ ಬರೆಯಲಿಲ್ಲ. ಬಿಹಿ ಒತ್ತಲಿಲ್ಲ. ಒದ್ದೆ ಬಟ್ಟಲನ್ನು ಇಜ್ಜಾ ತನ್ನ ಸೆರಗಿನಲ್ಲಿ ಒರೆಸಿದಳು. ಕ್ಯಾಪ್ಟನ್ನನ ಕಾಗದವನ್ನು ಇಬ್ಬರೂ ಮೇಜಿನ ಮೇಲೆಯೇ ಬಿಟ್ಟು ಬಂದರು.

ಅವಳ ಪಾಳಿ ಬುಧವಾರ. ಆ ಬುಧವಾರವೂ ಬಿಹಿ ಬಟ್ಟಲು ತೇಲಿಬಿಟ್ಟ, ಎರಡು ಸಲ.